"ಲೆಕ್ಕದಲ್ಲಿ ಇನ್ನೇನು ಬಾಕಿ ಇದೆ?" ಅಂತ ಕೇಳುವವರಿಗೆ

ಗಣಿತದಲ್ಲಿ ಸಂಶೋಧನೆ ಮಾಡುತ್ತೇನೆ ಅಂದ ಕೂಡಲೇ ಬರುವ ಪ್ರಶ್ನೆ ಇದು. ಬಾಯಲ್ಲಿ ಹೇಳಿ ಸಾಕಾಗಿದೆ, ಬರೆದುಬಿಡುತ್ತೇನೆ.

ಕೇಳುವುದು ತಪ್ಪಲ್ಲ, ಕೇಳುವ ರೀತಿಗೆ ಸಿಟ್ಟು ಬರುತ್ತದೆ. ಮಂಡ್ಯದಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದಾಗ ಪಕ್ಕದವರು, "ಎರಡೆರಡ್ಲ ನಾಲ್ಕು ಅನ್ನೋದು ಬದಲಾಗುತ್ತಾ? ಮೈಸೂರಿನ ಮಾನಸಗಂಗೋತ್ರೀಲಿ ಕೂತು ಸುಮ್ನೆ ಸ್ಕಾಲರ್‌ಶಿಪ್ ತಗೋತೀರ ಅಷ್ಟೇ" ಅಂದರು. ನಾವು ಮೂವರು ಕೂತಿದ್ದ ಕುರ್ಚಿಗಳನ್ನೇ ತೋರಿಸಿ ಹೇಳತೊಡಗಿದೆ. ಪಾಯಸ ಬಂತು, ಅವರು ಆ ಕಡೆ ತಿರುಗಿದರು. ಪೂರ್ತಿ ಇಲ್ಲಿ ಹೇಳುತ್ತೇನೆ.

ಮೂವರು ಜಾಗ ಅದಲುಬದಲು ಮಾಡಲು ಆರು ದಾರಿ. ಇದ್ದಲ್ಲೇ ಇರುವುದು 1, ಇಬ್ಬರು ಮಾತ್ರ ಬದಲಾಗುವುದು 3, ಮೂವರೂ ಸುತ್ತಾಗಿ ಸರಿಯುವುದು 2. ಒಂದಾದ ಮೇಲೆ ಇನ್ನೊಂದು ಮಾಡಿದರೂ, ಮಾಡಿದ್ದನ್ನು ವಾಪಸ್ ಮಾಡಿದರೂ ಈ ಆರರಲ್ಲೇ ಒಂದು ಸಿಗುತ್ತದೆ, ಅದಕ್ಕೇ ಈ ಆರೂ ಸೇರಿ ಒಂದು ಗ್ರೂಪ್. ಗ್ರೂಪಿನಲ್ಲೇ ಇರುವ ಒಂದು ಬದಲಾವಣೆಯ ಪ್ರಕಾರ ಕುರ್ಚಿಗಳ ನಂಬರ್ ಅದಲುಬದಲು ಮಾಡಿದಾಗ ಒಂದು ಬದಲಾವಣೆ ಇನ್ನೊಂದಾಗಿ ಕಂಡರೆ, ಅವೆರಡೂ ಒಂದೇ ಕಾಂಜುಗಸಿ ಕ್ಲಾಸ್. ಒಂದು ಕ್ಲಾಸಿನಲ್ಲಿ ಎಷ್ಟು ಬದಲಾವಣೆ ಇವೆಯೋ ಅದೇ ಅದರ ಅಳತೆ, ಇಲ್ಲಿ 1, 3, 2. 1 ಅಳತೆಯ ಕ್ಲಾಸ್ ಬಿಡಿ. ಉಳಿದ ಒಂದೊಂದಕ್ಕೂ ಒಂದು ಚುಕ್ಕಿ ಇಡಿ. ಎರಡು ಅಳತೆಗಳನ್ನೂ ಭಾಗಿಸುವ ಅವಿಭಾಜ್ಯ ಸಂಖ್ಯೆ ಇದ್ದರೆ ನಡುವೆ ಗೆರೆ ಎಳೆಯಿರಿ. 2ಕ್ಕೂ 3ಕ್ಕೂ ಅಂಥದ್ದಿಲ್ಲ, ಹಾಗಾಗಿ ಎರಡು ಒಂಟಿ ಚುಕ್ಕಿ. ಅದೇ ಐದು ಜನರಲ್ಲಿ, ಇಬ್ಬಿಬ್ಬರ ಬದಲಾವಣೆಯನ್ನು ಸಮ ಸಂಖ್ಯೆಯ ಸಲ ಮಾಡಿದರೆ ಸಿಗುವ 60ನ್ನು ತೆಗೆದುಕೊಂಡರೆ 1 ಬಿಟ್ಟು ಉಳಿಯುವ ಅಳತೆಗಳು 12, 12, 15, 20. ಎಲ್ಲಕ್ಕೂ ಎಲ್ಲದರ ಜೊತೆ ಗೆರೆ!

ಗ್ರೂಪ್ ಎಷ್ಟೇ ದೊಡ್ಡದಿರಲಿ, ಪರಿಮಿತವಾಗಿದ್ದರೆ ಸಾಕು, ಈ ಚಿತ್ರ ಎರಡಕ್ಕಿಂತ ಜಾಸ್ತಿ ತುಂಡಾಗುವುದಿಲ್ಲ. ಬರ್ಟ್ರಾಮ್, ಹರ್ಜಾಗ್, ಮಾನ್ ಎಂಬ ಗಣಿತಜ್ಞರು ಇದನ್ನು ಪ್ರಕಟಿಸಿದ್ದು 1990ರಲ್ಲಿ. ಮಗ್ಗಿ ಹುಟ್ಟಿ ಸಾವಿರಾರು ವರ್ಷವಾದ ಮೇಲೆ, ನಮ್ಮ ನಿಮ್ಮ ಕಾಲದಲ್ಲಿ! ಬಾಕಿ ಇಲ್ಲ ಅಂತ ಯಾವ ಬಾಯಲ್ಲಿ ಹೇಳುತ್ತೀರಿ?

ನನ್ನನ್ನು ಯಾರೂ ಕೇಳದ ಪ್ರಶ್ನೆ ಬೇರೆ ಇದೆ: ಗ್ರೂಪನ್ನು ಮುಚ್ಚಿಟ್ಟು ಚಿತ್ರ ಮಾತ್ರ ಕೊಟ್ಟರೆ, ಒಳಗಿರುವುದು ಯಾವುದು ಅಂತ ಹೇಳಬಹುದಾ? ಚಿತ್ರ ಎರಡು ತುಂಡಾಗಿದ್ದರೆ ತುಂಬಾ ಹೇಳಬಹುದು, ಅಂಥ ಗ್ರೂಪ್‌ಗಳ ರಚನೆ ಗೊತ್ತಿದೆ. ಆದರೆ ಚೌಕವನ್ನು ತಿರುಗಿಸಿ ಮಗುಚಿ ಅದೇ ಜಾಗದಲ್ಲಿ ಕೂರಿಸುವ ಎಂಟು ದಾರಿಗಳ ಗ್ರೂಪ್ ನೋಡಿ, ಗಣಿತಜ್ಞ ಹ್ಯಾಮಿಲ್ಟನ್ 1843ರಲ್ಲಿ ಕಂಡುಕೊಂಡ ಕ್ವಾಟರ್ನಿಯನ್ ಎಂಬ ನಾಲ್ಕು ಭಾಗದ ಸಂಖ್ಯೆಗಳಿಂದ ಬರುವ ಎಂಟರ ಗ್ರೂಪ್ ನೋಡಿ. ಎರಡರಲ್ಲೂ ಅಳತೆ 1, 1, 2, 2, 2. ಎರಡಕ್ಕೂ ಒಂದೇ ತ್ರಿಕೋನ. ಏನೂ ಬದಲಾಯಿಸದಿರುವುದನ್ನು ಬಿಟ್ಟರೆ, ಮೊದಲನೆಯದರಲ್ಲಿ ಎರಡು ಸಲ ಮಾಡಿದರೆ ಶುರುವಾದಲ್ಲಿಗೇ ಬರುವವು ಐದು, ಎರಡನೆಯದರಲ್ಲಿ ಒಂದೇ ಒಂದು. ಅಷ್ಟು ಬೇರೆ ಬೇರೆ, ಆದರೂ ಚಿತ್ರಕ್ಕೆ ಅದು ಕಾಣುವುದೇ ಇಲ್ಲ.

ಯಾವ ಚಿತ್ರ ಗುಟ್ಟು ಬಿಡುತ್ತದೆ, ಯಾವುದು ಬಿಡುವುದಿಲ್ಲ, ಯಾಕೆ? ಇದನ್ನು ಕೇಳಿ. ಮಂಡ್ಯಕ್ಕೆ ಬಸ್ ಹತ್ತಿ ನಾನೇ ಬರುತ್ತೇನೆ.