ಆಪರೇಷನ್ ಆದ ಮೇಲೆ ಹಾಕೋ ಬಟ್ಟೆ: ಈ ಬೇಸಿಗೆಯ ಹೊಲಿಗೆ ಡೈರಿ

ಮಾರ್ಚ್, ಬೆಂಗಳೂರಿಗೆ ಹೊರಡುವ ಮೊದಲು

ಈ ಸಲ ಮೂರು ಬಟ್ಟೆ ಹೊಲಿಯಬೇಕು. ಮುಂದೆ ಪೂರ್ತಿ ತೆರೆಯುವ ನೈಟಿ, ಹೊಟ್ಟೆಯ ಗಾಯಕ್ಕೆ ಒತ್ತದ ಲಂಗ, ಆಮೇಲೆ ಮದುವೆಗೆ ಒಂದು ರೇಷ್ಮೆ ಬ್ಲೌಸ್. ಮೂರೂ ನನಗೇ.

ಕ್ಯಾನ್ಸರ್ ಅಂತ ಎಡಗಡೆ ಸ್ತನ ತೆಗೆದು ಎರಡು ವರ್ಷ ದಾಟಿದೆ. ಕೀಮೋ, ರೇಡಿಯೇಷನ್ ಎಲ್ಲ ಮುಗಿದಿದೆ. ಈಗ ಅದನ್ನು ಮತ್ತೆ ಕಟ್ಟುವ ಆಪರೇಷನ್. ಡೀಪ್ ಫ್ಲಾಪ್ ಅಂತಾರೆ. ಹೊಕ್ಕುಳ ಕೆಳಗಿನ ಚರ್ಮ, ಕೊಬ್ಬು ತೆಗೆದು ಎದೆಗೆ ತರುತ್ತಾರೆ. ಹೊಟ್ಟೆಯ ಸ್ನಾಯು ಹಾಗೇ ಇರುತ್ತದೆ. ಕೊಬ್ಬಿನ ಜೊತೆ ಬಂದ ಸಣ್ಣ ರಕ್ತನಾಳಗಳನ್ನು ಮೈಕ್ರೋಸ್ಕೋಪ್ ಕೆಳಗೆ ಎದೆಯ ರಕ್ತನಾಳಕ್ಕೆ ಜೋಡಿಸುತ್ತಾರೆ. ಸಿಲಿಕಾನ್ ಇಂಪ್ಲಾಂಟ್ ಇನ್ನೊಂದು ದಾರಿ. ಆದರೆ ರೇಡಿಯೇಷನ್ ಬಿದ್ದ ಚರ್ಮದಲ್ಲಿ ಇಂಪ್ಲಾಂಟ್ ತೊಂದರೆ ಕೊಡುವುದು ಜಾಸ್ತಿ. ಅದಕ್ಕೆ ನನ್ನ ಮೈಯದೇ ಸಾಕು ಅಂತ ತೀರ್ಮಾನ ಆಯಿತು.

"ಈ ವಯಸ್ಸಿಗೆ ಇದೆಲ್ಲ ಯಾಕ ಬೇಕವ್ವಾ? ಸೆರಗು ಇರ್ತದಲ್ಲ" ಅಂದರು ಅತ್ತೆ. "ಸೆರಗಿನ ಒಳಗ ಇರೋಳು ನಾನಲ್ವಾ ಅತ್ತೆ?" ಅಂದೆ. ಅವರು ಆಮೇಲೆ ಏನೂ ಹೇಳಲಿಲ್ಲ. ಮರುದಿನ ತಮ್ಮ ಹಳೇ ಕಾಟನ್ ಸೀರೆ ಒಂದನ್ನು ತಂದು ಮೆಷಿನ್ ಮೇಲೆ ಇಟ್ಟು ಹೋದರು. ಒಗೆದೂ ಒಗೆದೂ ಹತ್ತಿಯಷ್ಟು ಮೆತ್ತಗಾಗಿತ್ತು. ನೈಟಿಯ ಒಳಜೇಬಿಗೆ ಅದೇ ಬಟ್ಟೆ.

ಬ್ರಾ ಒಳಗೆ ಸಿಲಿಕಾನ್ ಪ್ರಾಸ್ಥೆಸಿಸ್, ಅಂದರೆ ಕೃತಕ ಸ್ತನ ಇಟ್ಟುಕೊಂಡು ಬಳ್ಳಾರಿಯ 40 ಡಿಗ್ರಿ ಬಿಸಿಲಲ್ಲಿ ಮಾರ್ಕೆಟ್ಟಿಗೆ ಹೋಗಿ ಬಂದವರಿಗೆ ಮಾತ್ರ ಆ ಬೆವರು, ಆ ಭಾರ ಗೊತ್ತು. ಯಾರು ಏನೇ ಅನ್ನಲಿ, ಇದು ಶೋಕಿ ಅಲ್ಲ.

ನೈಟಿ ಹೀಗಿದೆ. ಮೇಲಿಂದ ಕೆಳಗಿನ ತನಕ ಟಿಚ್ ಬಟನ್. ಜಿಪ್ ಬೇಡ, ಚರ್ಮಕ್ಕೆ ತಾಗಿ ಗೀರುತ್ತದೆ. ತೋಳು ಅಗಲ, ಕೈ ಮೇಲೆತ್ತದೇ ಹಾಕಿಕೊಳ್ಳುವಷ್ಟು. ಒಳಗೆ ಎರಡೂ ಕಡೆ ಜೇಬು, 5 ಇಂಚು ಅಗಲ, 7 ಇಂಚು ಆಳ. ಆಪರೇಷನ್ ಆದ ಮೇಲೆ ಎದೆಯಿಂದ, ಹೊಟ್ಟೆಯಿಂದ ಡ್ರೇನ್ ಪೈಪು ಬಿಟ್ಟಿರುತ್ತಾರೆ. ತುದಿಯಲ್ಲಿ ಒಂದು ಬಲ್ಬು, ಒಳಗಿನ ನೀರು ಅದರಲ್ಲಿ ತುಂಬುತ್ತದೆ. ಅದು ಜೋತಾಡಿದರೆ ಹೊಲಿಗೆ ಹಾಕಿದ ಜಾಗ ಜಗ್ಗುತ್ತದೆ. ಜೇಬಿಗೆ ಎರಡೆರಡು ಹೊಲಿಗೆ ಹಾಕಿದ್ದೇನೆ.

ಏಪ್ರಿಲ್, ಮನೆಗೆ ಬಂದ ಮೇಲೆ

ನೈಟಿ ಗೆದ್ದಿತು. ಆಸ್ಪತ್ರೆಯಲ್ಲಿ ಮೊದಲ ದಿನಗಳಲ್ಲಿ ನರ್ಸ್ ಗಂಟೆಗೊಮ್ಮೆ ಬಂದು ಹೊಸ ಸ್ತನದ ಬಣ್ಣ ನೋಡಿ, ಬಿಸಿ ಇದೆಯಾ ಅಂತ ಮುಟ್ಟಿ, ಡಾಪ್ಲರ್ ಇಟ್ಟು ರಕ್ತ ಹರಿಯುವ ಸದ್ದು ಕೇಳುತ್ತಿದ್ದರು. ಆಗ ಅಲ್ಲಿನ ಗೌನ್. ನೈಟಿ ಹಾಕಿಕೊಂಡದ್ದು ಡಿಸ್ಚಾರ್ಜ್ ದಿನ. ವಾರ್ಡಿನ ಸಿಸ್ಟರ್ ಒಳಜೇಬು ನೋಡಿ ಫೋಟೋ ತೆಗೆದುಕೊಂಡರು.

ಮನೆಯಲ್ಲಿ ಬೆಳಿಗ್ಗೆ, ಸಂಜೆ ಬಲ್ಬು ಖಾಲಿ ಮಾಡಿ ಎಷ್ಟು ಎಂಎಲ್ ಅಂತ ಬರೆಯಬೇಕಿತ್ತು. ಮಗಳು ನನ್ನ ಅಳತೆ ಪುಸ್ತಕದಲ್ಲೇ ಬರೆದಳು. ಒಂದು ಪುಟದಲ್ಲಿ ಪಕ್ಕದ ಮನೆಯವರ ಬ್ಲೌಸ್ ಅಳತೆ, ಎದುರಿನ ಪುಟದಲ್ಲಿ ನನ್ನ ಡ್ರೇನ್. ಕೆಂಪಿದ್ದದ್ದು ನಿಧಾನಕ್ಕೆ ಗುಲಾಬಿ ಆಯಿತು, ಆಮೇಲೆ ಹಳದಿ. ದಿನಕ್ಕೆ 30 ಎಂಎಲ್‌ಗಿಂತ ಕಡಿಮೆ ಬಂದ ಮೇಲೆ ಒಂದೊಂದಾಗಿ ತೆಗೆದರು.

ಶುರುವಿನಲ್ಲಿ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಹೊಟ್ಟೆಯ ಚರ್ಮ ಎಳೆದು ಹೊಲಿದಿರುತ್ತಾರಲ್ಲ, ಬಗ್ಗಿಯೇ ನಡೆಯಬೇಕು. ಆರು ವಾರ ಭಾರ ಎತ್ತುವ ಹಾಗಿಲ್ಲ. ಕೊಡಪಾನ ಇಲ್ಲ, ಕುಕ್ಕರ್ ಇಲ್ಲ, ಮಕ್ಕಳಂತೂ ಇಲ್ಲವೇ ಇಲ್ಲ.

ಮಕ್ಕಳಿಗೆ ಇದನ್ನು ಹೇಳುವುದೇ ಕಷ್ಟ. ಶಾಲೆಗೆ ರಜೆ ಬಿಟ್ಟ ಕೂಡಲೇ ಸಿರುಗುಪ್ಪದಿಂದ ನಾದಿನಿ ತನ್ನ ಇಬ್ಬರನ್ನು ಕರೆದುಕೊಂಡು ಬಂದಳು. ಮೈದುನನ ಮಗನೂ ಬಂದ. ಮನೆ ತುಂಬ ಸದ್ದು, ಕೂಲರ್ ಸದ್ದು ಬೇರೆ. ಚಿಕ್ಕವನು ಓಡಿ ಬಂದು ಮಡಿಲಿಗೆ ಹಾರಲು ನೋಡುತ್ತಾನೆ. "ಅತ್ತೆಗೆ ಬಲಗಡೆಯಿಂದ ಬಂದು ಬರೀ ಮುತ್ತು ಕೊಡಬೇಕು" ಅಂತ ನಾದಿನಿ ಕಲಿಸಿದ್ದಾಳೆ. ಈಗ ಅವನು ಬೇರೆಯವರಿಗೂ ಅದೇ ಪಾಠ ಮಾಡುತ್ತಾನೆ.

ಮಾಳಿಗೆ ಮೇಲೆ ಸಂಡಿಗೆ ಹಾಕುವ ಕೆಲಸ ಈ ವರ್ಷ ನಾದಿನಿ ಮತ್ತು ಅತ್ತೆಯದು. ನಾನು ಬಿಸಿಲಿಗೆ ಹೋಗುವಂತಿಲ್ಲ, ಹೊಸ ಗಾಯದ ಗುರುತು ಬಿಸಿಲಿಗೆ ಕಪ್ಪಾಗುತ್ತದೆ. ಮೆಟ್ಟಿಲ ನೆರಳಲ್ಲಿ ಕುರ್ಚಿ ಹಾಕಿ ಕೂತು ಹಿಟ್ಟಿನ ಹದ ಹೇಳಿದೆ, ಅಷ್ಟೇ.

ಮಧ್ಯಾಹ್ನ ಊಟ ಆದ ಮೇಲೆ ನನ್ನ ರೂಮಿನ ಬಾಗಿಲು ಹಾಕಿರುತ್ತದೆ. ಬಂದವರಿಗೆ ಚಹಾ ನಮ್ಮ ಮನೆಯವರದು. ಹೆಂಗಸು ಹಗಲು ಮಲಗಿದರೆ ನಮ್ಮ ಕಡೆ ಇನ್ನೂ ಒಂಥರ ನೋಡುತ್ತಾರೆ. ನೋಡಲಿ. ಗಾಯ ಮಾಯುವುದು ಮಲಗಿದಾಗಲೇ.

ಬಸವ ಜಯಂತಿ ಆದ ಮೇಲೆ

ಲಂಗದ ಕೆಲಸ. ಹೊಟ್ಟೆಯ ಗಾಯ ಈ ಸೊಂಟದಿಂದ ಆ ಸೊಂಟದ ತನಕ ಇದೆ, ಲಾಡಿ ಕಟ್ಟುವ ಜಾಗಕ್ಕೆ ಹತ್ತಿರವೇ. ಹೊಕ್ಕುಳ ಸುತ್ತಲೂ ಹೊಲಿಗೆ ಇದೆ. ಲಾಡಿಯ ಗಂಟು ಅಲ್ಲಿ ಒತ್ತಿದರೆ, ಬೆವರು ಸೇರಿದರೆ ಗತಿ ಏನು? ಲಾಡಿ ಬಿಟ್ಟೇಬಿಟ್ಟೆ. 4 ಇಂಚು ಅಗಲದ ಮೆತ್ತನೆ ಪಟ್ಟಿ, ಪಕ್ಕದಲ್ಲಿ ಹುಕ್ಸು, ಹೊಕ್ಕುಳಿಂದ ಮೇಲೆ ಕೂರುತ್ತದೆ. ಸೊಂಟ ಮೇಲಾದ್ದರಿಂದ ಉದ್ದ 3 ಇಂಚು ಜಾಸ್ತಿ ಇಟ್ಟೆ. ಸೀರೆ ಸಿಕ್ಕಿಸಿದರೆ ಜಾರಲಿಲ್ಲ. ಒಳಗೆ ಡಾಕ್ಟರು ಕೊಟ್ಟ ಹೊಟ್ಟೆ ಬೆಲ್ಟು ಕಟ್ಟಿದರೂ ಹಿಡಿಯುತ್ತದೆ.

ಕಟಿಂಗ್ ಎಲ್ಲ ಮಗಳದು. ನಾನು ಬರೀ ಕೈಹೊಲಿಗೆ ಹಾಕಿದೆ. ಕಾಲಿಂದ ತುಳಿಯುವ ಮೆಷಿನ್ ಹೊಟ್ಟೆಗೆ ಎಳೆಯುತ್ತದೆ. ಆರು ವಾರದ ಚೆಕಪ್ಪಿನಲ್ಲಿ ಡಾಕ್ಟರು ಹೂಂ ಅಂದ ಮೇಲೆ ಮೆಷಿನ್ನಿಗೆ ಮೋಟರ್ ಹಾಕಿಸಿದೆವು. ಜೀನ್ಸ್ ಹೊಲಿಯುವ ಊರಲ್ಲಿ ಮೆಕ್ಯಾನಿಕ್‌ಗೆ ಬರವಿಲ್ಲ, ಫೋನ್ ಮಾಡಿದ ದಿನವೇ ಬಂದರು.

ಎಡಗೈಗೆ ಬೆರಳ ಟೊಪ್ಪಿಗೆ ಇಲ್ಲದೆ ನಾನು ಸೂಜಿ ಹಿಡಿಯುವುದಿಲ್ಲ. ಸ್ತನದ ಕಾಯಿಲೆಗೆ ಕಂಕುಳಿನ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದ ಕಡೆ ಕೈಗೆ ಸೋಂಕಾದರೆ ಬಾವು ಬರಬಹುದು, ಬಂದರೆ ಪೂರ್ತಿ ಹೋಗುವುದು ಕಷ್ಟ.

ಮೇ, ಮದುವೆ ಮನೆ

ರೇಷ್ಮೆ ಬ್ಲೌಸಿನಷ್ಟು ಯೋಚನೆ ನಾನು ಯಾವ ಬಟ್ಟೆಗೂ ಮಾಡಿಲ್ಲ.

ಟೈಲರುಗಳು ಎದೆ ಸುತ್ತಳತೆ ತೆಗೆದು ಭಾಗ ಮಾಡುತ್ತಾರೆ. ಎರಡೂ ಕಡೆ ಒಂದೇ ಅಂತ ಲೆಕ್ಕ. ನನಗೆ ಅದು ನಡೆಯುವುದಿಲ್ಲ. ಮುಂದಿನ ನಡುಗೆರೆಯಿಂದ ಪಕ್ಕದ ಹೊಲಿಗೆ ತನಕ ಎಡ, ಬಲ ಬೇರೆ ಬೇರೆ ಅಳತೆ ತೆಗೆದೆವು. ಎಡಗಡೆ ಬಾವು ಇನ್ನೂ ಇಳಿದಿಲ್ಲ, ಅರ್ಧ ಇಂಚು ಜಾಸ್ತಿ ಬಂತು. ಟಕ್ಸ್ ಎಲ್ಲಿಗೆ ಬರಬೇಕು ಅಂತ ಬಲಗಡೆ ಮೊಲೆತೊಟ್ಟು ನೋಡಿ ಹೇಳಬಹುದು. ಎಡಗಡೆ ತೊಟ್ಟು ಇಲ್ಲ. ಎಲ್ಲಕ್ಕಿಂತ ಉಬ್ಬಿದ ಜಾಗಕ್ಕೆ ಚಾಕ್‌ನಿಂದ ಚುಕ್ಕೆ ಇಟ್ಟುಕೊಂಡೆ. ಪ್ರಿನ್ಸೆಸ್ ಕಟ್, ಎಡಕ್ಕೊಂದು ಪೇಪರ್, ಬಲಕ್ಕೊಂದು ಪೇಪರ್. ಎಡಗಡೆ ಒಳಗೆ ಒಂದೂವರೆ ಇಂಚು ಬಟ್ಟೆ ಬಿಟ್ಟಿದ್ದೇನೆ. ಹೊಸ ಸ್ತನ ತನ್ನ ಆಕಾರಕ್ಕೆ ಬರಲು ತಿಂಗಳುಗಳೇ ಬೇಕು. ಮುಂದೆ ಆಕಾರ ಸರಿಮಾಡಲು, ತೊಟ್ಟು ಮಾಡಲು ಸಣ್ಣ ಆಪರೇಷನ್ ಕೂಡ ಇರಬಹುದು.

ಲೈನಿಂಗ್ ಬಗ್ಗೆ ಇದನ್ನು ಯಾರಾದರೂ ಓದುತ್ತಿದ್ದರೆ ಗಮನ ಇಟ್ಟು ಓದಿ. ಹೊಸ ಸ್ತನದ ಮೇಲೆ ನನಗೆ ಸ್ಪರ್ಶ ಗೊತ್ತಾಗುವುದಿಲ್ಲ. ಹುಕ್ಸು ಚುಚ್ಚಿದರೂ, ಹೊಲಿಗೆ ಉಜ್ಜಿ ಚರ್ಮ ಕಿತ್ತರೂ ನೋವಿಲ್ಲ. ಬಿಸಿನೀರಿನ ಬ್ಯಾಗು, ಐಸು ಎರಡನ್ನೂ ಇಡಬಾರದು ಅಂತ ಡಾಕ್ಟರು ಹೇಳುವುದು ಅದಕ್ಕೇ. ಸುಟ್ಟರೂ ಗೊತ್ತಾಗುವುದಿಲ್ಲ. ಹಾಗಾಗಿ ಮಲ್ ಬಟ್ಟೆಯ ಲೈನಿಂಗ್ ಹಾಕಿ, ಅದರ ಹೊಲಿಗೆ ಎಲ್ಲ ರೇಷ್ಮೆಯ ಕಡೆ ಬರುವಂತೆ ತಿರುಗಿಸಿದೆ. ಮೈಗೆ ತಾಗುವುದು ಬರೀ ನುಣುಪು ಬಟ್ಟೆ. ಹುಕ್ಸಿನ ಹಿಂದೆ ಎರಡು ಮಡಿಕೆಯ ಪಟ್ಟಿ. ಇಷ್ಟಾದರೂ ಬ್ಲೌಸ್ ಬಿಚ್ಚಿದ ಮೇಲೆ ದಿನಾ ಕನ್ನಡಿಯಲ್ಲಿ ನೋಡಿಕೊಳ್ಳುತ್ತೇನೆ.

ಎಡಗಡೆ ಆರ್ಮ್‌ಹೋಲ್ ಅರ್ಧ ಇಂಚು ಇಳಿಸಿದೆ. ಗೋಡೆ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಮಾಡಿ ಮಾಡಿ ಕೈ ಈಗ ಕಿವಿಯ ತನಕ ಏಳುತ್ತದೆ. ತೋಳು ಬಿಗಿಯಾದರೆ ಅಷ್ಟೂ ಶ್ರಮ ವ್ಯರ್ಥ, ಅಲ್ವಾ?

ಮದುವೆ ಹಿಂದಿನ ದಿನ ಬಳೆ ಇಡಿಸುವಾಗ ಎಡಗೈಗೆ ಎರಡು-ಆರು ಅಳತೆ ಬದಲು ಸ್ವಲ್ಪ ದೊಡ್ಡ ಎರಡು-ಎಂಟು ಹಾಕಿ ಅಂದೆ. ಬಳೆಗಾರ್ತಿ ಯಾಕೆ ಅಂದಳು. ಹೇಳಿದೆ. ಅವಳು ಗಾಜಿನ ಬಳೆ ವಾಪಸ್ ಇಟ್ಟು, ಒಡೆದು ಚುಚ್ಚದ ಲೋಹದ ಬಳೆ ಹುಡುಕಿ ಕೊಟ್ಟಳು. ಅವಳ ಅಕ್ಕನಿಗೂ ಇದೇ ಕಾಯಿಲೆಯಂತೆ. ಅಲ್ಲೇ ಕೂತು ಬಹಳ ಹೊತ್ತು ಮಾತಾಡಿದೆವು. ಸಾಲಲ್ಲಿ ನಿಂತಿದ್ದ ಹುಡುಗಿಯರು ಕಾದರು.

ಮದುವೆಯಲ್ಲಿ ಅಕ್ಷತೆ ಹಾಕುವ ತನಕ ನಿಂತಿದ್ದೆ, ಊಟ ಮಾಡಿ ಮನೆಗೆ ಬಂದೆ. ಬ್ಲೌಸ್ ಎಲ್ಲೂ ಸುಕ್ಕಾಗಲಿಲ್ಲ. ಸೆರಗನ್ನು ಮತ್ತೆ ಮತ್ತೆ ಎಳೆದುಕೊಳ್ಳುವ ಅಭ್ಯಾಸ ಅವತ್ತು ಕೈಗೆ ನೆನಪಾಗಲಿಲ್ಲ.

ಜೂನ್

ಶಾಲೆ ಶುರುವಾಗಿದೆ, ಮಕ್ಕಳು ಊರಿಗೆ ಹೋದರು. ಬಾವು ಇನ್ನೊಂದಿಷ್ಟು ಇಳಿದಿದೆ. ಬ್ಲೌಸಿನ ಎಡ ಹೊಲಿಗೆ ಬಿಚ್ಚಿ ಕಾಲು ಇಂಚು ಒಳಗೆ ತೆಗೆದುಕೊಂಡೆ.

ಬಳೆಗಾರ್ತಿ ಫೋನ್ ಮಾಡಿದ್ದಳು. ಅವಳ ಅಕ್ಕನಿಗೆ ಸ್ತನ ತೆಗೆಯುವ ಆಪರೇಷನ್ ಮುಂದಿನ ತಿಂಗಳಂತೆ. ನೈಟಿ ಬೇಕಂತೆ. ಅವರಿಗೆ ಸೊಂಟದ ಹತ್ತಿರ ಜೇಬು ಬೇಡ, ಎದೆಯ ಡ್ರೇನ್ ಮಾತ್ರ ಇರುತ್ತದೆ. ಪಕ್ಕೆಯ ಹತ್ತಿರ ಸ್ವಲ್ಪ ಮೇಲೆ ಇಡಬೇಕು. ಯಾವ ಕಡೆ ಅಂತ ಕೇಳಿಕೊಂಡಿದ್ದೇನೆ, ಬಲಗಡೆ. ಬಟ್ಟೆ ನೀರಲ್ಲಿ ನೆನೆಸಿ ಒಣಗಿಸಿ ಆಗಿದೆ. ಈ ಸಲ ಕತ್ತರಿ ನಾನೇ ಹಿಡಿಯುತ್ತೇನೆ.