ಕೊಡಲಿ ಏಟಿಗೂ ಬಗ್ಗದ ತಗಡು

ನಿದ್ದೆ ಬರ್ತಿಲ್ಲ ಅಂತ ನಿನ್ನೆ ರಾತ್ರಿ ಕೊರಿಯಾ ಯುದ್ಧದ ಬಗ್ಗೆ ಏನೇನೋ ಓದ್ತಾ ಬಿದ್ದಿದ್ದೆ, ಜೆಸ್ಸಿ ಬ್ರೌನ್ ಕಥೆ ಸಿಕ್ತು, ಆಮೇಲೆ ಬರೋ ನಿದ್ದೇನೂ ಹೋಯ್ತು.

ಮಿಸಿಸಿಪ್ಪಿಯ ಬಡ ಮನೆ ಹುಡುಗ. ಅಮೆರಿಕ ನೌಕಾಪಡೆಯ ಫ್ಲೈಟ್ ಟ್ರೈನಿಂಗ್ ಮುಗಿಸಿದ ಮೊದಲ ಕಪ್ಪು ಪೈಲಟ್. 1950ರ ಡಿಸೆಂಬರ್ 4ಕ್ಕೆ ವಯಸ್ಸು ಬರೀ 24. ಉತ್ತರ ಕೊರಿಯಾದ ಚೋಸಿನ್ ಜಲಾಶಯದ ಹತ್ರ ಅಮೆರಿಕದ ಮರೀನ್‌ಗಳನ್ನ ಚೀನಾ ಸೈನ್ಯ ಸುತ್ತುಹಾಕಿತ್ತು, ಅವರಿಗೆ ಮೇಲಿಂದ ಸಪೋರ್ಟ್ ಕೊಡೋಕೆ ಲೇಟೆ ಅನ್ನೋ ಹಡಗಿನಿಂದ ಕೋರ್ಸೇರ್ ವಿಮಾನಗಳು ಹೋಗಿದ್ವು. ಬ್ರೌನ್ ವಿಮಾನದ ಆಯಿಲ್ ಪ್ರೆಶರ್ ಇಳೀತು, ಕೆಳಗಿಂದ ಬಂದ ಗುಂಡು ತಾಗಿರಬೇಕು. ಆಯಿಲ್ ಇಲ್ದೆ ನಮ್ಮ ಬೈಕ್ ಸೀಜ್ ಆದ್ರೆ ರೋಡ್ ಪಕ್ಕಕ್ಕೆ ತಳ್ಳಬಹುದು, ಅಲ್ಲಿ ಸುತ್ತ ಬರೀ ಬೆಟ್ಟ, ಮಂಜು. ಹೇಗೋ ಒಂದು ಇಳಿಜಾರಲ್ಲಿ ಇಳಿಸಿದ್ರು, ಆದ್ರೆ ಏಟಿಗೆ ವಿಮಾನದ ಮುಂಭಾಗ ಮುರುಕೊಂಡು ಕಾಲು ಒಳಗೆ ಸಿಕ್ಕಾಕೊಳ್ತು.

ಸತ್ತೇ ಹೋದ್ರು ಅಂತ ಮೇಲಿದ್ದೋರು ಅಂದ್ಕೊಂಡಾಗ ಕೆಳಗಿಂದ ಕೈ ಬೀಸಿದ್ರಂತೆ. ಜೊತೆಗೆ ಹಾರ್ತಿದ್ದ ಟಾಮ್ ಹಡ್ನರ್ ಅದನ್ನ ನೋಡಿ, ಏನೂ ಆಗಿರದ ತನ್ನ ವಿಮಾನವನ್ನ ಬೇಕಂತಲೇ ಚಕ್ರ ಇಳಿಸದೆ ಪಕ್ಕದಲ್ಲೇ ಕುಕ್ಕಿಬಿಟ್ರು! ಹುಚ್ಚು ಅನ್ನಿ ಏನಾದ್ರೂ ಅನ್ನಿ, ಬೆನ್ನಿಗೆ ಏಟು ಬಿದ್ರೂ ಓಡಿ ಹೋಗಿ ಬ್ರೌನ್ ತಲೆಗೆ ಉಲ್ಲನ್ ಟೋಪಿ ಹಾಕಿ, ಮರಗಟ್ಟಿದ ಬರಿಗೈಗಳಿಗೆ ಸ್ಕಾರ್ಫ್ ಸುತ್ತಿ, ಹೊಗೆ ಬರ್ತಿದ್ದ ಎಂಜಿನ್ ಮೇಲೆ ಬರಿಗೈಲೇ ಮಂಜು ತುಂಬಿದ್ರು.

ಹೆಲಿಕಾಪ್ಟರಲ್ಲಿ ಚಾರ್ಲ್ಸ್ ವಾರ್ಡ್ ಕೊಡಲಿ ತಂದ್ರು. ಇಬ್ಬರೂ ಸೇರಿ ಬಡಿದ್ರೂ ತಗಡು ಜಗ್ಗಲಿಲ್ಲ. ಕಾಲನ್ನೇ ಕತ್ತರಿಸೋ ಮಾತೂ ಬಂತು. ಅಷ್ಟರಲ್ಲಿ ಕತ್ತಲು ಬೇರೆ, ಆ ಹೆಲಿಕಾಪ್ಟರ್ ರಾತ್ರಿ ಹಾರೋದಲ್ಲ. ಹೆಂಡ್ತಿ ಡೇಸಿಗೆ ಹೇಳಬೇಕಾದ್ದನ್ನ ಹಡ್ನರ್ ಹತ್ರ ಹೇಳಿ ಬ್ರೌನ್ ಪ್ರಜ್ಞೆ ತಪ್ಪಿದ್ರು, ವಾಪಸ್ ಬರ್ತೀನಿ ಅಂತ ಮಾತು ಕೊಟ್ಟು ಹಡ್ನರ್ ಹೊರಟ್ರು.

ಬ್ರೌನ್ ಅಲ್ಲೇ ತೀರಿಕೊಂಡ್ರು. ಆಮೇಲಿಂದು ನಂಗೆ ಇನ್ನೂ ಅರಗ್ತಿಲ್ಲ. ದೇಹ ತರೋಕೆ ಹೋದ್ರೆ ಇನ್ನಷ್ಟು ಜನ ಸಾಯ್ತಾರೆ ಅಂತ ನೌಕಾಪಡೆ ಆ ಜಾಗದ ಮೇಲೆ ನಪಾಮ್ ಅನ್ನೋ ಬೆಂಕಿ ಬಾಂಬ್ ಹಾಕಿಸ್ತು, ಹಾಕಿದ್ದೂ ಅವರ ಜೊತೆಯವರೇ. ಲೆಕ್ಕ ಸರಿ ಇರಬಹುದು, ಆದ್ರೂ...

1951ರಲ್ಲಿ ಅಧ್ಯಕ್ಷ ಟ್ರೂಮನ್ ಕೈಯಿಂದ ಹಡ್ನರ್ ಅಮೆರಿಕದ ಅತಿ ದೊಡ್ಡ ಸೇನಾ ಗೌರವ ಮೆಡಲ್ ಆಫ್ ಆನರ್ ತಗೊಂಡಾಗ ಡೇಸಿ ಅಲ್ಲೇ ನಿಂತಿದ್ರು. 2013ರಲ್ಲಿ, 88ನೇ ವಯಸ್ಸಲ್ಲಿ, ಕೊಟ್ಟ ಮಾತಿಗೆ ಅಂತ ಹಡ್ನರ್ ಉತ್ತರ ಕೊರಿಯಾಗೂ ಹೋದ್ರು. ಜುಲೈ ತಿಂಗಳು, ಜೋರು ಮಳೆ, ಬೆಟ್ಟದ ಕಡೆ ಹೋಗೋಕಾಗ್ಲಿಲ್ಲ. ಸೆಪ್ಟೆಂಬರಲ್ಲಿ ಬನ್ನಿ ಅಂದ್ರಂತೆ ಅಲ್ಲಿನ ಅಧಿಕಾರಿಗಳು.