ಶೇ 24, ಶೇ 8 ಮತ್ತು ಮರ ಹತ್ತಲಾಗದ ಕಾಲು

ನಾನು ತುಮಕೂರಿನಲ್ಲಿ ವಕೀಲೆ. ಸೀನಿಯರ್ ಒಬ್ಬರ ಆಫೀಸಿನಲ್ಲಿ ಕೆಲಸ. ನಮ್ಮಲ್ಲಿಗೆ ಬರುವ ಕೇಸುಗಳಲ್ಲಿ ಜಾಸ್ತಿ ಪಾಲು ಎಂವಿಸಿ, ಅಂದರೆ ವಾಹನ ಅಪಘಾತದ ಪರಿಹಾರದ ಅರ್ಜಿಗಳು. ಒಂದು ಕಡೆ ಬೆಂಗಳೂರು-ಪುಣೆ ಹೆದ್ದಾರಿ, ಇನ್ನೊಂದು ಕಡೆ ಗುಬ್ಬಿ, ತಿಪಟೂರು, ಅರಸೀಕೆರೆ ದಾಟಿ ಹೋಗುವ ಬಿ.ಎಚ್. ರಸ್ತೆ. ಇಂಥ ಊರಿನಲ್ಲಿ ಈ ಕೆಲಸಕ್ಕೆ ಬರ ಇಲ್ಲ. ಹೇಳೋಕೆ ಬೇಜಾರಾಗುತ್ತದೆ, ಆದರೆ ನಿಜ.

ಬಂದವರು ಕೂತ ಕೂಡಲೇ ಕೇಳುವುದು ಬಹುತೇಕ ಒಂದೇ ಪ್ರಶ್ನೆ. "ಎಷ್ಟು ಪರ್ಸೆಂಟ್ ಹಾಕಿಸ್ಬೋದು ಮೇಡಂ?" ಆಸ್ಪತ್ರೆ ವಾರ್ಡಿನಲ್ಲಿ ಪಕ್ಕದ ಬೆಡ್‌ನವರು ಯಾರೋ ಹೇಳಿರುತ್ತಾರೆ. ಇಂಥವರಿಗೆ 40 ಪರ್ಸೆಂಟ್ ಹಾಕಿದ್ರಂತೆ, ಇಷ್ಟು ಲಕ್ಷ ಬಂತಂತೆ ಅಂತ. ಹಾಗಾಗಿ ಅಂಗವೈಕಲ್ಯದ ಪರ್ಸೆಂಟ್ ಜಾಸ್ತಿ ಆದಷ್ಟೂ ದುಡ್ಡು ಜಾಸ್ತಿ ಅನ್ನೋ ಲೆಕ್ಕ ತಲೆಯಲ್ಲಿ ಕೂತುಬಿಟ್ಟಿರುತ್ತದೆ. ಪೂರ್ತಿ ಸುಳ್ಳಲ್ಲ. ಆದರೆ ಕೋರ್ಟಿನಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ: ಪೆಟ್ಟಾಗುವ ಮುಂಚೆ ನೀವು ಏನು ಕೆಲಸ ಮಾಡುತ್ತಿದ್ದಿರಿ, ಅದರಲ್ಲಿ ಈಗ ಯಾವುದು ಆಗುತ್ತಿಲ್ಲ? ಇದನ್ನು ನನಗೆ ಚೆನ್ನಾಗಿ ಕಲಿಸಿದ್ದು ಒಂದು ಕೇಸು.

ಕಕ್ಷಿದಾರರು ತಿಪಟೂರು ಕಡೆಯವರು. ತೆಂಗಿನ ಮರ ಹತ್ತಿ ಕಾಯಿ ಕೀಳುವುದೇ ಕಸುಬು. ಮರಕ್ಕೆ ಇಷ್ಟು ಅಂತ ಕೂಲಿ. ಮೊಪೆಡ್‌ನಲ್ಲಿ ತೋಟಕ್ಕೆ ಹೋಗುವಾಗ ಗೂಡ್ಸ್ ಆಟೊ ಬಂದು ಗುದ್ದಿತ್ತು. ಬಲಗಾಲಿನ ಹಿಮ್ಮಡಿ ಮೂಳೆ ಪುಡಿಯಾಗಿ ಪ್ಲೇಟ್ ಹಾಕಿದ್ದರು. ಮೂಳೆ ಕೂಡಿಕೊಂಡಿತು. ಸಮ ನೆಲದ ಮೇಲೆ ನಡೆದರೆ ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ, ಸ್ವಲ್ಪ ಕುಂಟು ಅಷ್ಟೆ. ಆದರೆ ಪಾದ ಒಳಕ್ಕೂ ಹೊರಕ್ಕೂ ತಿರುಗುವುದಿಲ್ಲ. ಮರ ಹತ್ತುವವರು ಎರಡೂ ಪಾದಗಳಿಂದ ಮರವನ್ನು ಅಮುಕಿ ಹಿಡಿಯಬೇಕು, ಅಲ್ವಾ? ಅದು ಇವರಿಗೆ ಇನ್ನು ಆಗದ ಮಾತು.

ಡಾಕ್ಟರ್ ಬರೆದಿದ್ದು ಹೀಗೆ: ಬಲಗಾಲಿಗೆ ಶೇ 24, ಇಡೀ ದೇಹಕ್ಕೆ ಶೇ 8.

ಈ ಎಂಟು ಎಲ್ಲಿಂದ ಬಂತು? ಕೈಗೋ ಕಾಲಿಗೋ ಆದ ವೈಕಲ್ಯವನ್ನು ಇಡೀ ದೇಹಕ್ಕೆ ಲೆಕ್ಕ ಹಾಕುವಾಗ ಮೂರನೇ ಒಂದು ಪಾಲು ತೆಗೆದುಕೊಳ್ಳುವ ರೂಢಿ ಇಂಥ ಕೇಸು ನಡೆಯುವ ನಮ್ಮ ರಾಜ್ಯದ ನ್ಯಾಯಮಂಡಳಿಗಳಲ್ಲಿ ಬಹಳ ಕಾಲದಿಂದ ಇದೆ. ಕಾಲು ಅಂದರೆ ಇಡೀ ಮನುಷ್ಯ ಅಲ್ಲ ಅನ್ನುವ ತರ್ಕ. ಕಾನೂನಿನ ಪುಸ್ತಕದಲ್ಲಿ ಹೀಗೇ ಮಾಡಿ ಅಂತ ಬರೆದಿಲ್ಲ. ಕೆಲವರ ವಿಷಯದಲ್ಲಿ ಇದು ನ್ಯಾಯವೇ. ಬ್ಯಾಂಕಿನಲ್ಲಿ ಕೂತು ಕೆಲಸ ಮಾಡುವವರಿಗೆ ಇದೇ ಹಿಮ್ಮಡಿ ಮುರಿದಿದ್ದರೆ ಸಂಬಳಕ್ಕೆ ಏನೂ ಆಗುತ್ತಿರಲಿಲ್ಲ. ಅವರ ಪಾಲಿಗೆ ಶೇ 8 ಕೂಡ ಜಾಸ್ತಿಯೇ ಅನ್ನಬಹುದು. ಮರ ಹತ್ತುವವರಿಗೆ?

ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಇದನ್ನು ಬಿಡಿಸಿ ಹೇಳಿದೆ. ಎಂವಿಸಿ ಕೆಲಸ ಮಾಡುವ ವಕೀಲರಿಗೆಲ್ಲ ಈ ತೀರ್ಪು ಬಾಯಿಪಾಠ. ಎಡಗೈ ಕತ್ತರಿಸಿ ಹೋದರೆ ವೈದ್ಯಕೀಯ ಲೆಕ್ಕದಲ್ಲಿ ವೈಕಲ್ಯ ಸುಮಾರು ಶೇ 60 ಇರಬಹುದು. ಆತ ಡ್ರೈವರ್ ಅಥವಾ ಬಡಗಿ ಆಗಿದ್ದರೆ ದುಡಿಮೆಯ ನಷ್ಟ ಹೆಚ್ಚು ಕಮ್ಮಿ ಶೇ 100. ಅದೇ ಸರ್ಕಾರಿ ಗುಮಾಸ್ತ ಆಗಿದ್ದರೆ ಕೆಲಸ ಹೋಗದೇ ಇರಬಹುದು. ಅಂದರೆ ದೇಹದ ಪರ್ಸೆಂಟ್ ಬೇರೆ, ದುಡಿಮೆಯ ಪರ್ಸೆಂಟ್ ಬೇರೆ. ಎರಡನೆಯದನ್ನು ನಿರ್ಧರಿಸುವುದು ಡಾಕ್ಟರ್ ಅಲ್ಲ, ನ್ಯಾಯಾಧೀಶರು. ಅವರು ನಿರ್ಧರಿಸಬೇಕಾದರೆ ಅವರ ಮುಂದೆ ಸಾಕ್ಷಿ ಇರಬೇಕು.

ದುಡ್ಡಿನಲ್ಲಿ ಇದರ ವ್ಯತ್ಯಾಸ ಎಷ್ಟು ಅಂತ ನೋಡಿ. ಲೆಕ್ಕ ಸುಲಭವಾಗಲಿ ಅಂತ ತಿಂಗಳಿಗೆ 15,000 ಆದಾಯ, ವಯಸ್ಸು 34 ಅಂದುಕೊಳ್ಳೋಣ. ವರ್ಷದ ಆದಾಯವನ್ನು ಎಷ್ಟರಿಂದ ಗುಣಿಸಬೇಕು ಅನ್ನುವುದಕ್ಕೆ ಗುಣಕ ಅಂತಾರೆ, 31ರಿಂದ 35ರ ವಯಸ್ಸಿಗೆ ಅದು 16. ಇದು ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿ. 15,000 ಗುಣಿಸು 12 ಗುಣಿಸು 16, ಒಟ್ಟು 28,80,000. ಇದರ ಶೇ 8 ಅಂದರೆ 2,30,400 ರೂಪಾಯಿ. ಶೇ 25 ಅಂದರೆ 7,20,000. ಕಾಲು ಅದೇ, ಎಕ್ಸ್‌ರೇ ಅದೇ. ಭವಿಷ್ಯದಲ್ಲಿ ಆದಾಯ ಏರಬಹುದು ಅಂತ ಸೇರಿಸುವ ಭಾಗ, ನೋವಿಗೆ, ಔಷಧಿಗೆ, ನೋಡಿಕೊಂಡವರ ಖರ್ಚಿಗೆ ಕೊಡುವುದು ಎಲ್ಲ ಇದರ ಮೇಲೆ.

ಮರ ಹತ್ತುವ ಕೂಲಿಗೆ ಸಂಬಳದ ಚೀಟಿ ಇರುವುದಿಲ್ಲ. ಆದಾಯಕ್ಕೆ ದಾಖಲೆ ಇಲ್ಲದಿದ್ದರೆ ಲೋಕ ಅದಾಲತ್‌ಗೆ ಅಂತ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಮಾಡಿರುವ ಪಟ್ಟಿ ನೋಡಿ, ಅಪಘಾತವಾದ ವರ್ಷಕ್ಕೆ ಇಷ್ಟು ಅಂತ ಹಿಡಿಯುತ್ತಾರೆ. ಅದೊಂದು ಆಸರೆ. ಆದರೆ ಆ ಪಟ್ಟಿ ಆದಾಯ ಹೇಳುತ್ತದೆ, ಕಸುಬು ಹೇಳುವುದಿಲ್ಲ. "ನಾನು ಮರ ಹತ್ತುತ್ತಿದ್ದೆ" ಅಂತ ಬಾಯಲ್ಲಿ ಹೇಳಿದರೆ ಸಾಲದು. ಹಾಗಾಗಿ ತೋಟದ ಮಾಲೀಕರಿಬ್ಬರನ್ನು ಸಾಕ್ಷಿಗೆ ಕರೆದೆವು. ಒಬ್ಬರ ಮನೆಯಲ್ಲಿ ಲೆಕ್ಕದ ಪುಸ್ತಕ ಇತ್ತು. ಯಾವ ದಿನ ಎಷ್ಟು ಮರ, ಯಾರಿಗೆ ಎಷ್ಟು ಕೊಟ್ಟೆ ಅಂತ ಪೆನ್ಸಿಲ್‌ನಲ್ಲಿ ಬರೆದಿದ್ದರು. ಇನ್ನೊಬ್ಬರು ಫೋನ್‌ಪೇಯಲ್ಲಿ ಕೂಲಿ ಹಾಕಿದ್ದು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಸಿಕ್ಕಿತು. ಇಂಥ ಪುಸ್ತಕಗಳನ್ನು ಹಳ್ಳಿಯವರು ಮುಜುಗರಪಟ್ಟುಕೊಂಡು ತೋರಿಸುತ್ತಾರೆ. ನಮಗೆ ಅದಕ್ಕಿಂತ ಒಳ್ಳೆ ದಾಖಲೆ ಬೇಕಿಲ್ಲ.

ಇನ್ಶೂರೆನ್ಸ್ ಕಂಪನಿ ವಕೀಲರು ಕ್ರಾಸ್‌ನಲ್ಲಿ, ಅಂದರೆ ಪಾಟೀಸವಾಲಿನಲ್ಲಿ, ಕೇಳಿದ ಒಂದು ಪ್ರಶ್ನೆ ಚೆನ್ನಾಗಿತ್ತು, ಒಪ್ಪಿಕೊಳ್ಳಬೇಕು. "ಮರ ಹತ್ತೋದೇ ಯಾಕೆ, ದೋಟಿಯಲ್ಲಿ ಕೀಳಬಹುದಲ್ಲ?" ಅವರೂ ಇದೇ ಜಿಲ್ಲೆಯವರು. ಸಾಕ್ಷಿ ಕಟ್ಟೆಯಲ್ಲಿದ್ದ ತೋಟದ ಮಾಲೀಕರು ಸಮಾಧಾನವಾಗಿ ಉತ್ತರ ಕೊಟ್ಟರು. ನಮ್ಮದು ಅಜ್ಜನ ಕಾಲದ ಮರ ಸ್ವಾಮಿ, ದೋಟಿ ಎಟುಕಲ್ಲ. ಎಟುಕೋ ಮರಕ್ಕೆ ನಾವೇ ಹಾಕ್ತೀವಿ, ಆಳು ಯಾಕೆ ಕರೀತೀವಿ? ಇದನ್ನು ನಾನು ವಾದದಲ್ಲಿ ಹೇಳಿದ್ದರೆ ಅಷ್ಟು ತೂಕ ಬರುತ್ತಿರಲಿಲ್ಲ.

ಈ ಕಕ್ಷಿದಾರರು ಅಷ್ಟರಲ್ಲಿ ಕೊಬ್ಬರಿ ಸುಲಿಯುವ ಶೆಡ್ಡಿನಲ್ಲಿ ಕೂಲಿಗೆ ಸೇರಿದ್ದರು. ಕೂತು ಮಾಡುವ ಕೆಲಸ, ಕೂಲಿ ಕಮ್ಮಿ. ಅವರಿಗೆ ಭಯ. "ಕೆಲಸ ಮಾಡ್ತಿದ್ದೀನಿ ಅಂತ ಗೊತ್ತಾದ್ರೆ ಕೇಸ್ ಹೋಗುತ್ತೆ ಅಂತಾರಲ್ಲ, ಬಿಟ್ಟುಬಿಡ್ಲಾ?" ಇದು ನಾನು ತುಂಬಾ ಸಲ ಕೇಳಿರುವ ಮಾತು. ಕೇಸಿಗೋಸ್ಕರ ವರ್ಷಗಟ್ಟಲೆ ಮನೆಯಲ್ಲಿ ಸುಮ್ನೆ ಕೂತವರನ್ನೂ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಇಷ್ಟು ಬರುತ್ತಿತ್ತು, ಈಗ ಬೇರೆ ಕೆಲಸ ಮಾಡಿಯೂ ಇಷ್ಟೇ ಬರುತ್ತಿದೆ ಅನ್ನುವುದೇ ನಷ್ಟಕ್ಕೆ ಒಳ್ಳೆಯ ಅಳತೆ. ಮುಚ್ಚಿಟ್ಟರೆ ಕಂಪನಿಯವರು ಹೇಗೂ ವಿಚಾರಿಸಿಕೊಂಡು ಬರುತ್ತಾರೆ. ಆಮೇಲೆ ನೀವು ಹೇಳಿದ ನಿಜವನ್ನೂ ಯಾರೂ ನಂಬುವುದಿಲ್ಲ. ನಾವು ಮುಖ್ಯ ವಿಚಾರಣೆಯ ಅಫಿಡವಿಟ್‌ನಲ್ಲೇ ಶೆಡ್ಡಿನ ಕೂಲಿ ಬರೆದೆವು.

ಕೊನೆಗೆ ನ್ಯಾಯಮಂಡಳಿ ಶೇ 8 ಒಪ್ಪಲಿಲ್ಲ, ನಾವು ಕೇಳಿದ ಶೇ 40 ಕೂಡ ಒಪ್ಪಲಿಲ್ಲ. ಶೇ 25ಕ್ಕೆ ನಿಲ್ಲಿಸಿತು. ಕಂಪನಿ ಅಪೀಲು ಹೋಗಲಿಲ್ಲ.

ಡಾಕ್ಟರ್ ಸಾಕ್ಷಿಯ ಬಗ್ಗೆ ಒಂದು ಮಾತು. ಚಿಕಿತ್ಸೆ ಕೊಟ್ಟ ಡಾಕ್ಟರ್ ಕೋರ್ಟಿಗೆ ಬರಲು ಹಿಂಜರಿಯುತ್ತಾರೆ, ಆಪರೇಷನ್ ಬಿಟ್ಟು ಬರಬೇಕಲ್ಲ. ಆಗ ಸುಲಭ ದಾರಿ ಅಂತ ಬೇರೆ ಯಾರಿಂದಲೋ ಸರ್ಟಿಫಿಕೇಟ್ ತರುವ ಅಭ್ಯಾಸ ಇದೆ. ಒಮ್ಮೆಯೂ ರೋಗಿಗೆ ಚಿಕಿತ್ಸೆ ಕೊಡದೆ, ಕೇಳಿದ ಪರ್ಸೆಂಟ್ ಬರೆದುಕೊಡುವವರ ಬಗ್ಗೆ ಎಚ್ಚರ ಇರಲಿ ಅಂತ ಅದೇ ರಾಜ್‌ಕುಮಾರ್ ತೀರ್ಪು ನ್ಯಾಯಮಂಡಳಿಗಳಿಗೆ ಹೇಳಿದೆ. ಚಿಕಿತ್ಸೆ ಕೊಟ್ಟವರು ಬಂದು ಶೇ 20 ಅಂದರೆ ಅದು ನಿಲ್ಲುತ್ತದೆ. ಹೊರಗಿನವರು ಬರೆದ ಶೇ 45 ಕ್ರಾಸ್‌ನಲ್ಲಿ ಕರಗಿಹೋಗುತ್ತದೆ. ಪಾದ ಯಾವ ಕಡೆಗೆ ಎಷ್ಟು ಬಾಗುತ್ತದೆ, ಕುಕ್ಕರಗಾಲಿನಲ್ಲಿ ಕೂರಲು ಆಗುತ್ತದಾ, ಭಾರ ಹೊರಬಹುದಾ ಅಂತ ಅವರ ಬಾಯಲ್ಲಿ ಬಂದರೆ ಪರ್ಸೆಂಟಿಗಿಂತ ಅದೇ ಉಪಯೋಗ.

ಇಷ್ಟೆಲ್ಲ ಆಮೇಲಿನ ಮಾತು. ಎಷ್ಟೋ ಕೇಸುಗಳು ಆಸ್ಪತ್ರೆಯ ಕ್ಯಾಶುಯಲ್ಟಿಯಲ್ಲೇ ಅರ್ಧ ಸೋತಿರುತ್ತವೆ. ಗಾಬರಿಯಲ್ಲಿ ಕರೆದುಕೊಂಡು ಬಂದವರು "ಗಾಡಿಯಿಂದ ಬಿದ್ದ" ಅಂತ ಹೇಳಿಬಿಡುತ್ತಾರೆ. ಪೊಲೀಸ್ ಸಹವಾಸ ಯಾಕೆ ಅಂತ ಬೇಕಂತಲೇ ಹಾಗೆ ಹೇಳುವವರೂ ಇದ್ದಾರೆ. ಡ್ಯೂಟಿ ಡಾಕ್ಟರ್ ಅದನ್ನೇ ಎಂಎಲ್‌ಸಿ ಚೀಟಿಯಲ್ಲಿ, ಅಂದರೆ ಪೊಲೀಸ್ ಕೇಸಾಗುವಂಥ ಗಾಯಕ್ಕೆ ಆಸ್ಪತ್ರೆ ಮಾಡುವ ದಾಖಲೆಯಲ್ಲಿ, ಬರೆಯುತ್ತಾರೆ. ವಾರ ಕಳೆದ ಮೇಲೆ ಲಾರಿ ಗುದ್ದಿತು ಅಂತ ದೂರು ಕೊಟ್ಟರೆ, ಕಂಪನಿ ವಕೀಲರು ಮೊದಲು ಹೊರಗೆ ತೆಗೆಯುವುದು ಆ ಎಂಎಲ್‌ಸಿ ಚೀಟಿಯನ್ನೇ. ಎಫ್‌ಐಆರ್ ತಡವಾಯಿತು ಅನ್ನೋ ಒಂದೇ ಕಾರಣಕ್ಕೆ ಅರ್ಜಿ ವಜಾ ಮಾಡುವಂತಿಲ್ಲ ಅಂತ 2011ರಲ್ಲಿ ರವಿ ವಿರುದ್ಧ ಬದರಿನಾರಾಯಣ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮನೆಯವರು ಮೊದಲು ಜೀವ ಉಳಿಸೋಕೆ ಓಡುತ್ತಾರೆ ತಾನೇ. ಆದರೆ ತಡ ಆಗುವುದು ಬೇರೆ, ಮೊದಲ ಚೀಟಿಯಲ್ಲೇ ಬೇರೆ ಕಥೆ ಇರುವುದು ಬೇರೆ. ಯಾವ ವಾಹನ, ಎಲ್ಲಿ, ಹೇಗೆ ಗುದ್ದಿತು ಅನ್ನುವುದನ್ನು ಮೊದಲ ಚೀಟಿಯಲ್ಲೇ ಬರೆಸಿ.

ಬಿಲ್ ಇಲ್ಲದಿದ್ದರೆ ಕೇಸ್ ಇಲ್ಲ ಅಂದುಕೊಳ್ಳುವವರೂ ಇದ್ದಾರೆ. 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆ ಇದೆ. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಮೊದಲ 7 ದಿನಕ್ಕೆ 1.5 ಲಕ್ಷದವರೆಗೆ. ಹಾಗೆ ಚಿಕಿತ್ಸೆ ಆದರೆ ಕೈಯಲ್ಲಿ ಬಿಲ್ ಇರುವುದಿಲ್ಲ. ಪರವಾಗಿಲ್ಲ, ಡಿಸ್ಚಾರ್ಜ್ ಸಮ್ಮರಿ ಮತ್ತು ಎಕ್ಸ್‌ರೇ ಫಿಲ್ಮ್ ಜೋಪಾನವಾಗಿರಲಿ. ದುಡಿಮೆಯ ನಷ್ಟಕ್ಕೂ ಆಸ್ಪತ್ರೆ ಬಿಲ್ಲಿಗೂ ಸಂಬಂಧ ಇಲ್ಲ.

ಇನ್ನು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ಇಲ್ಲಿ ಗೊಂದಲ ಜಾಸ್ತಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಪಿಂಚಣಿ, ಬಸ್ ಪಾಸ್, ಮೀಸಲಾತಿ ಇಂಥವಕ್ಕೆಲ್ಲ ಸಾಮಾನ್ಯವಾಗಿ ಕಡೇಪಕ್ಷ ಶೇ 40 ಇರಬೇಕು. ಆ ಪರ್ಸೆಂಟ್ ಹಾಕುವುದು ಸರ್ಕಾರಿ ಆಸ್ಪತ್ರೆಯ ವೈದ್ಯರು, ಕೇಂದ್ರದ ಮಾರ್ಗಸೂಚಿ ನೋಡಿಕೊಂಡು. ಅಲ್ಲಿ ಕಸುಬು ಏನು ಅಂತ ಯಾರೂ ಕೇಳುವುದಿಲ್ಲ. ನಮ್ಮ ಮರ ಹತ್ತುವವರಿಗೆ ಈ ಕಾರ್ಡಿನಿಂದ ಪಿಂಚಣಿ ಸಿಗುವುದಿಲ್ಲ, ಶೇ 24 ಎಲ್ಲಿ, ಶೇ 40 ಎಲ್ಲಿ! ಕೋರ್ಟಿನ ಕಣ್ಣಿಗೆ ದುಡಿಮೆಯ ಕಾಲು ಭಾಗ ಕಳೆದುಕೊಂಡವರು ಪಿಂಚಣಿ ಕಚೇರಿಯ ಕಣ್ಣಿಗೆ ಗಟ್ಟಿಮುಟ್ಟಾದ ಮನುಷ್ಯ. ಇದು ನನಗೆ ಇವತ್ತಿಗೂ ಸರಿ ಅನ್ನಿಸುವುದಿಲ್ಲ. ಆದರೆ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಇರುವವರು ಕೇಸ್ ಮುಗಿಯಲಿ ಅಂತ ಕಾಯುವುದು ಬೇಡ. ಪಿಂಚಣಿ ತೆಗೆದುಕೊಂಡರೆ ಪರಿಹಾರದ ಹಕ್ಕು ಹೋಗುವುದಿಲ್ಲ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಇರುತ್ತಾರೆ, ವಿಆರ್‌ಡಬ್ಲ್ಯು ಅಂದರೆ ತೋರಿಸುತ್ತಾರೆ. ಅರ್ಜಿ ಹಾಕಿಸಲು ಅವರೇ ಸಾಕು.

ಸರ್ಕಾರಿ ನೌಕರಿಯಲ್ಲಿರುವವರ ದಾರಿ ಬೇರೆ. ಕೆಲಸದಲ್ಲಿದ್ದಾಗ ವೈಕಲ್ಯ ಬಂದರೆ ಅವರನ್ನು ತೆಗೆದುಹಾಕುವಂತಿಲ್ಲ, ಹುದ್ದೆಯ ದರ್ಜೆ ಇಳಿಸುವಂತಿಲ್ಲ. ಅದೇ 2016ರ ಕಾಯ್ದೆಯ 20ನೇ ಸೆಕ್ಷನ್. ಬಸ್ ಓಡಿಸಲು ಆಗದ ಡ್ರೈವರ್‌ಗೆ ಅದೇ ಸಂಬಳದ ಬೇರೆ ಕೆಲಸ ಕೊಡಬೇಕು.

ಪರ್ಸೆಂಟ್ ಅಂದಾಗ ಇನ್ನೊಂದು ಪರ್ಸೆಂಟ್ ಕೂಡ ನೆನಪಾಗುತ್ತದೆ. ವಾರ್ಡಿಗೇ ಬಂದು "ಖರ್ಚೆಲ್ಲ ನಮ್ಮದು, ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಕೊಡಿ" ಅನ್ನುವ ಏಜೆಂಟರು. ಪರಿಹಾರದಲ್ಲಿ ಪಾಲು ಅಂತ ಫೀಸು ಮಾತಾಡಿಕೊಳ್ಳುವುದು ವಕೀಲರಿಗೆ ಬಾರ್ ಕೌನ್ಸಿಲ್ ನಿಯಮದಲ್ಲೇ ನಿಷಿದ್ಧ. ಖಾಲಿ ವಕಾಲತ್ತಿಗೆ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ಕೆಲವರಿಗೆ ತಮ್ಮ ವಕೀಲರು ಯಾರು ಅಂತಲೇ ಗೊತ್ತಿರುವುದಿಲ್ಲ.

ಅವಧಿಯ ವಿಷಯ ಮರೆಯಬೇಡಿ. 2022ರ ಏಪ್ರಿಲ್ 1ರಿಂದ ಅಪಘಾತವಾಗಿ 6 ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ ಕಾನೂನಿನಲ್ಲಿ ಬಂದಿದೆ. ಇದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್‌ಗೆ ಹೋಗಿವೆ, ಆದರೆ ಅದನ್ನು ನಂಬಿಕೊಂಡು ತಡ ಮಾಡಬೇಡಿ. ಪ್ಲೇಟ್ ತೆಗೆಸಿದ ಮೇಲೆ ನೋಡೋಣ ಅಂತ ಕಾಯುವವರು ಬಹಳ. ಮೊದಲು ಅರ್ಜಿ ಹಾಕಿ. ಎರಡನೇ ಆಪರೇಷನ್ನಿನ ಖರ್ಚನ್ನು ಭವಿಷ್ಯದ ಚಿಕಿತ್ಸೆ ಅಂತ ಕೇಳಬಹುದು. ಅಪಘಾತ ಹೊಸೂರಿನಲ್ಲೇ ಆಗಿರಲಿ, ಸೊಲ್ಲಾಪುರದಲ್ಲೇ ಆಗಿರಲಿ, ನೀವು ವಾಸ ಇರುವ ಊರಿಗೆ ಸೇರಿದ ನ್ಯಾಯಮಂಡಳಿಯಲ್ಲೇ ಹಾಕಬಹುದು. ಕುಂಟುವ ಕಾಲಿನಲ್ಲಿ ಅಲ್ಲಿಗೆಲ್ಲ ಅಲೆಯಬೇಕಿಲ್ಲ.